ಮುಳುಗಿಸಿ ಎತ್ತಿದ ದೋಣಿ

ನಮ್ಮ ಕೆರೆಯಲ್ಲಿ ಒಬ್ಬರೇ ಬಲೆ ಬಿಡುವ ಹಾಗಿಲ್ಲ. ಸಂಘದ ಪುಸ್ತಕದಲ್ಲಿ ಒಂದೊಂದು ಪಾಳಿಗೆ ಎರಡೆರಡು ಹೆಸರು. ಒಂದು ಬಲೆ ಬಿಡುವವರದು, ಇನ್ನೊಂದು ಹುಟ್ಟು ಹಾಕುವವರದು. ಹದಿನೇಳು ವರ್ಷ ಆ ಪುಸ್ತಕದ ಒಂದು ಸಾಲಿನಲ್ಲಿ ನನ್ನ ಗಂಡನ ಹೆಸರು, ಅದರ ಬಾಜೂ ನನ್ನ ಹೆಸರು ಇದ್ದವು. ಅವರು ತೀರಿಕೊಂಡು ಎರಡು ವರ್ಷವಾದರೂ ಯಾರೂ ಆ ಸಾಲಿಗೆ ಕೈ ಹಚ್ಚಿರಲಿಲ್ಲ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು ಅಂತಲ್ಲ. ಆ ಎರಡು ವರ್ಷ ಕೆರೆಯಲ್ಲಿ ಮೊಳಕಾಲುದ್ದ ನೀರಿತ್ತು, ಪಾಳಿ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೆ.

ಮೂರನೆಯ ವರ್ಷ ಕೆರೆ ತುಂಬಿ ಕೋಡಿ ಹರಿಯಿತು. ಕಾಟ್ಲಾ, ರೋಹು ಮರಿ ತಂದು ಬಿಟ್ಟರು. ಮರಿ ಮೊಳದುದ್ದ ಆಗುವ ಹೊತ್ತಿಗೆ ಎಲ್ಲರಿಗೂ ನನ್ನ ನೆನಪಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಧ್ಯಕ್ಷರು ನನ್ನ ಮೈದುನನನ್ನು ಕರೆದುಕೊಂಡು ಮನೆಗೆ ಬಂದರು. ಮೈದುನ ನನಗಿಂತ ಎಂಟು ವರ್ಷ ಸಣ್ಣವ, ಕಲಘಟಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಕೆಟ್ಟವನಲ್ಲ. ನೀರಿಗೆ ಮಾತ್ರ ಹೆದರುತ್ತಾನೆ.

"ವೈನಿ, ನಿಮ್ಮ ಪಾಳಿ ನನಗ ಬಿಡ್ರಿ," ಅಂದ. "ಇಬ್ಬರು ಆಳ ಹಚ್ಚತೇನಿ. ವಾರಕ್ಕೊಮ್ಮಿ ಮೀನು ಮನಿ ಮಟಾ ಬರತಾವು."

"ನನಗ ಮೀನು ತಿನ್ನಾಕ ಬೇಕಾಗಿಲ್ಲೋ," ಅಂದೆ. "ಹಿಡಿಯಾಕ ಬೇಕಾಗೇತಿ."

ಅಧ್ಯಕ್ಷರು ಚಹಾದ ಕಪ್ಪು ಕೆಳಗಿಟ್ಟರು. "ಹರಗೋಲ ನಿನ್ನೊಬ್ಬಾಕಿ ಮಾತು ಕೇಳೂದಿಲ್ಲ ತಂಗಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಾನು ಉತ್ತರ ಕೊಡಬೇಕು. ಮಹಾನವಮಿ ಅಮಾಸಿ ದಿನ ಪುಸ್ತಕ ಹೊಸದಾಗಿ ಬರೀತೇವಿ. ಅವತ್ತ ಮುಂಜಾನಿ ಎಲ್ಲಾರ ಮುಂದ ಒಬ್ಬಾಕಿನ ಬಲಿ ಬಿಟ್ಟು ಎತ್ತಿ ತೋರಸು. ತೋರಿಸಿದ್ರ ಪಾಳಿ ನಿಂದು. ಇಲ್ಲಾ ಅಂದ್ರ ತಮ್ಮಗ ಹೋತು."

ಅವರು ಹೇಳಿದ್ದು ಸುಳ್ಳಲ್ಲ. ಹರಿಗೋಲು ದುಂಡಗಿನದು, ಇಬ್ಬರ ಕೆಲಸದ್ದು. ಮುಂದೆ ಕೂತು ನಾನು ಹುಟ್ಟು ಹಾಕುತ್ತಿದ್ದೆ. ನನ್ನ ಬೆನ್ನ ಹಿಂದೆ ನನ್ನ ಗಂಡ ಬಲೆಯ ರಾಶಿ ಇಟ್ಟುಕೊಂಡು ಕೂಡುತ್ತಿದ್ದರು. ದಂಡೆಯ ಹುಣಸೆಮರ ಪಂಪ್‌ಹೌಸಿನ ಗೋಡೆಗೆ ನೇರ ಬಂದಾಗ ನಾನು "ಬಿಡ್ರಿ" ಅನ್ನಬೇಕು. ಅವರು ಬಲೆಯ ತುದಿಗೆ ಕಟ್ಟಿದ ಕಲ್ಲನ್ನು ನೀರಿಗೆ ಹಾಕಿ "ಬಿಟ್ಟೇನಿ" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ನಾನು ಹುಟ್ಟು ಎಳೆಯುವಂತಿಲ್ಲ. ಎಳೆದರೆ ಬಲೆ ಹುಟ್ಟಿಗೆ ಸುತ್ತಿಕೊಂಡು ಅರ್ಧ ದಿನ ಬಿಡಿಸುತ್ತ ಕೂಡಬೇಕು. ಹದಿನೇಳು ವರ್ಷ ಕೆರೆಯ ನಡುವೆ ನಮ್ಮಿಬ್ಬರ ಸಂಸಾರದ ಮಾತೆಂದರೆ ಹೆಚ್ಚಾಗಿ ಇವೆರಡೇ.

ಅಧ್ಯಕ್ಷರು ಬಂದು ಹೋದ ಮರುದಿನ ನಾನೊಬ್ಬಳೇ ಹರಿಗೋಲು ಇಳಿಸಿ ನೋಡಿದೆ. ಮೂರು ದಿನ ನೋಡಿದೆ. ಹುಟ್ಟು ಬಿಟ್ಟು ಬಲೆಗೆ ಕೈ ಹಾಕಿದ ಕೂಡಲೇ ಗಾಳಿ ಅದನ್ನು ಗಿರಗಿರ ತಿರುಗಿಸುತ್ತಿತ್ತು. ಬಲೆ ಕೈಬಿಟ್ಟು ಹುಟ್ಟು ಹಿಡಿದರೆ ಬಲೆ ಎತ್ತುವವರು ಯಾರು? ಮೂರನೆಯ ದಿನ ಬಲೆಯ ಒಂದು ಮಾರು ಹರಿದುಕೊಂಡು ದಂಡೆಗೆ ಬಂದು ಕೂತು ಅತ್ತೆ. ಅತ್ತು ಮುಗಿದ ಮೇಲೆ ನನಗೆ ಬೇಕಾದದ್ದು ಉದ್ದನೆಯ ದೋಣಿ ಅನ್ನುವುದು ಖಾತ್ರಿಯಾಯಿತು. ಮೂತಿ ಚೂಪಾಗಿರಬೇಕು, ಗಾಳಿಗೆ ಮುಖ ಕೊಟ್ಟು ನಿಲ್ಲಬೇಕು, ಒಬ್ಬ ಹೆಂಗಸು ಗಾಲಿ ಹಚ್ಚಿ ದಂಡೆಗೆ ಎಳೆಯುವಷ್ಟು ಹಗುರ ಇರಬೇಕು.

ನಮ್ಮ ಕಡೆ ದೋಣಿ ಎಲ್ಲಿ ಸಿಗುತ್ತದೆ? ಯಲ್ಲಾಪುರದ ಬಸ್ಸು ಹತ್ತಿ ಘಟ್ಟ ಇಳಿದೆ. ಸಮುದ್ರ ಸೇರುವ ಹೊಳೆಯ ದಂಡೆಯ ಊರುಗಳಲ್ಲಿ ಎರಡು ದಿನ ತಿರುಗಿದೆ. ಮೊದಲು ತೋರಿಸಿದ್ದು ಫೈಬರ್ ದೋಣಿ. ನೋಡಲು ಚೆಂದ, ಎರಡು ಬೆರಳಲ್ಲಿ ಎತ್ತಬಹುದು. ನಮ್ಮ ಕೆರೆಯ ಮಧ್ಯಾಹ್ನದ ಗಾಳಿಗೆ ಅದು ಎಲ್ಲಿ ಹೋಗಿ ಬೀಳುತ್ತದೋ ಅಂತ ಬಿಟ್ಟೆ. ಎರಡನೆಯದು ಮರದ್ದು, ಆಗಷ್ಟೇ ಬಣ್ಣ ಬಳಿದಿದ್ದರು. ಕುಡಗೋಲಿನ ತುದಿಯಿಂದ ಬುಡದ ಹಲಗೆಯನ್ನು ಕೆರೆದೆ. ಒಳಗೆ ಮರ ಒದ್ದೆ ರೊಟ್ಟಿಯಾಗಿತ್ತು. ಮಾರುವವನು ನನ್ನ ಮುಖ ನೋಡಿದ, ನಾನು ಕುಡಗೋಲು ಒರೆಸಿಕೊಂಡು ಮುಂದಿನ ಊರಿಗೆ ಹೊರಟೆ.

ಮೂರನೆಯದು ಒಬ್ಬ ಅಜ್ಜಿಯ ತೆಂಗಿನಕಾಯಿ ಕೊಟ್ಟಿಗೆಯಲ್ಲಿತ್ತು. ಹದಿನಾಲ್ಕು ಅಡಿ ಉದ್ದ, ನಡುವೆ ಮೂರೂವರೆ ಅಡಿ ಅಗಲ. ಎರಡು ವರ್ಷ ನೀರು ಕಂಡಿರಲಿಲ್ಲ. ಹಲಗೆ ಹಲಗೆಗಳ ನಡುವೆ ಬೆಳಕು ಕಾಣುತ್ತಿತ್ತು. ಆದರೆ ಕುಡಗೋಲು ಎಲ್ಲಿ ಚುಚ್ಚಿದರೂ ಒಳಗೆ ಇಳಿಯಲಿಲ್ಲ. ಒಳಗೆ ಪಕ್ಕೆಲುಬಿನಂತೆ ಇರುವ ಬಾಗುಮರಗಳಿಗೆ ಹಲಗೆ ಕೂಡುವ ಜಾಗದಲ್ಲಿ ಮೂಗು ಇಟ್ಟು ಮೂಸಿದೆ. ಕೊಳೆತ ವಾಸನೆ ಇರಲಿಲ್ಲ, ಹಳೆಯ ಮೀನೆಣ್ಣೆಯ ವಾಸನೆ ಇತ್ತು. ಅದನ್ನೇ ತೆಗೆದುಕೊಂಡೆ. ಎಷ್ಟು ಕೊಟ್ಟೆ ಅಂತ ಬರೆಯುವುದಿಲ್ಲ, ಮೈದುನ ಓದಿದರೆ ಮತ್ತೆ ಶುರು ಮಾಡುತ್ತಾನೆ.

ಟೆಂಪೋಗೆ ಏರಿಸುವಾಗ ಅಜ್ಜಿ ದೋಣಿಯ ಮೇಲೆ ಕೈ ಇಟ್ಟುಕೊಂಡೇ ಬಂದರು. "ನೀರಿಗೆ ಇಳಿಸೋ ಮೊದ್ಲು ನಂಗೊಂದು ಫೋನ್ ಮಾಡು ಮಗಾ," ಅಂದರು. ಆಗಲಿ ಅಂದೆ. ಮಾಡಲಿಲ್ಲ. ಹದಿನೇಳು ವರ್ಷ ನೀರಿನ ಮೇಲಿದ್ದವಳಿಗೆ ಇನ್ನು ಯಾರೇನು ಹೇಳಿಕೊಡುವುದು ಅಂತ ಸೊಕ್ಕು.

ದೋಣಿ ಕಲಘಟಗಿಗೆ ಬಂತು. ದೋಣಿ ಬಲ್ಲ ಬಡಿಗೇರ ಅಲ್ಲಿ ಒಬ್ಬರೂ ಇಲ್ಲ, ಇರುವವರು ತೊಟ್ಟಿಲು ಮಾಡುವವರು. ಕಲಘಟಗಿಯ ತೊಟ್ಟಿಲು ಹಾಕದ ಮನೆ ಈ ಸುತ್ತಿನಲ್ಲಿ ಕಡಿಮೆ. ನಾನು ಹೋದದ್ದು ಒಬ್ಬ ವಯಸ್ಸಾದ ಬಡಿಗೇರ ಕಾಕಾ ಬಳಿ. ಅವರ ಕೈಯಲ್ಲಿ ಮೊಳೆ ಇಲ್ಲದೆ ಮರ ಮರವನ್ನು ಕಚ್ಚಿಕೊಳ್ಳುತ್ತದೆ. ದೋಣಿಯ ಹಲಗೆಯ ಸಂದಿಯಲ್ಲಿ ಬಿಸಿಲು ಬರುವುದನ್ನು ಕಂಡು ಅವರಿಗೆ ಅದು ತಮ್ಮದೇ ಮರ್ಯಾದೆಯ ಪ್ರಶ್ನೆಯಾಯಿತು.

"ಯಾವ ಮಾರಾಯ ಮಾಡ್ಯಾನ ಇದನ್ನ? ಕೂದಲೆಳಿ ಹೋಗೂವಷ್ಟು ಸಂದು ಬಿಟ್ರ ನಮ್ಮಪ್ಪ ಬೆರಳ ಗಂಟಿನ ಮ್ಯಾಲೆ ಹೊಡೀತಿದ್ದ. ಇದ್ರಾಗ ಬೆರಳ ಹೋಗತೇತಿ."

"ಮುಚ್ಚರಿ ಕಾಕಾ," ಅಂದೆ. "ಒಂದ ಹನಿ ಒಳಗ ಬರಬಾರದು."

ಮುಚ್ಚಿದೆವು. ನಾನೂ ಕೂತು ಮುಚ್ಚಿದೆ. ಅದು ಬೇಸಿಗೆಯ ನಡುಮಧ್ಯ, ಮರ ಒಣಗಿ ಬಡಿದರೆ ಠಣ್ ಅನ್ನುತ್ತಿತ್ತು. ಅರಗು ಕರಗಿಸಿ, ಸಾಗವಾನಿಯ ನುಣ್ಣನೆಯ ಹುಡಿ ಕಲಸಿ, ಬಿಸಿಬಿಸಿ ಇರುವಾಗಲೇ ಉಳಿಯ ಬೆನ್ನಿನಿಂದ ಸಂದಿಗೆ ಒತ್ತುವುದು. ಆರಿದ ಮೇಲೆ ಅದು ಕಲ್ಲಿನಷ್ಟು ಗಟ್ಟಿ. ಹನ್ನೊಂದು ದಿನ ಹಿಡಿಯಿತು. ಕೆಲಸ ಮುಗಿದಾಗ ದೋಣಿಗೆ ಸಂದಿಯೇ ಇರಲಿಲ್ಲ, ಒಂದೇ ಮರದಲ್ಲಿ ಕೊರೆದ ಹಾಗಿತ್ತು. ಕಾಕಾಗೆ ಅಷ್ಟಕ್ಕೇ ನಿಲ್ಲಲಾಗಲಿಲ್ಲ. ಮೂತಿಯ ಎರಡೂ ಬದಿಗೆ ತೊಟ್ಟಿಲಿಗೆ ಹಾಕುವ ಕೆಂಪು, ಹಳದಿ ಹಚ್ಚಿ ಎರಡು ಗಿಳಿ ಬರೆದರು.

ಉಳಿದ ಸಾಮಾನನ್ನೂ ಅವರೇ ಮಾಡಿಕೊಟ್ಟರು. ಮೂತಿಯ ಮೇಲೆ ಬಲೆ ಜಾರಲಿ ಅಂತ ಒಂದು ಉರುಳೆ, ತೊಟ್ಟಿಲಿನ ಕಂಬ ಕಡೆಯುವ ಚರಕಿಯ ಮೇಲೆಯೇ ಕಡೆದದ್ದು. ಹುಟ್ಟು ಎರಡು, ಒಂದೊಂದು ಕೈಗೆ ಒಂದೊಂದು. ನಾನು ನಡುವೆ ಹಿಂದಕ್ಕೆ ಮುಖ ಮಾಡಿ ಕೂತು ಹುಟ್ಟು ಎಳೆಯಬೇಕು, ಬಲೆ ನನ್ನ ಕಣ್ಣೆದುರು ಹಿಂಬದಿಯ ಹಲಗೆಯ ಮೇಲಿರಬೇಕು. ಕೈಯೆರಡೂ ಹುಟ್ಟಿನ ಮೇಲಿದ್ದರೆ ಕಲ್ಲು ಹಾಕುವುದು ಹೇಗೆ? ಅದಕ್ಕೆ ಒಂದು ಸಣ್ಣ ಹಲಗೆ, ಹಲಗೆಯನ್ನು ತಡೆದು ಹಿಡಿಯಲು ಒಂದು ಗೂಟ ಕೂಡಿಸಿದರು. ಅದರ ಮೇಲೆ ಕಲ್ಲು ಇಟ್ಟು, ಕಾಲಿನಿಂದ ಗೂಟ ಒದ್ದರೆ ಹಲಗೆ ವಾಲಿ ಕಲ್ಲು ನೀರಿಗೆ ಬೀಳುತ್ತದೆ. ಈ ಯೋಚನೆ ನನ್ನದು, ಕೈಚಳಕ ಕಾಕಾನದು.

ಮಳೆ ಬಂದು ಕೆರೆ ತುಂಬುವ ತನಕ ದೋಣಿ ಅವರ ತಗಡಿನ ಕೆಳಗೇ ಇತ್ತು. ಗಣೇಶನ ಚೌತಿಗೆ ಮೊದಲು ಬರುವ ಬೆನಕನ ಅಮಾವಾಸ್ಯೆಯ ಮರುದಿನ ಇಳಿಸಿದೆ. ದಂಡೆಯಲ್ಲಿ ಬಟ್ಟೆ ಒಗೆಯುವವಳೊಬ್ಬಳು ಗಿಳಿ ನೋಡಿ, "ತೊಟ್ಟಿಲ ಬಂತು, ಕೂಸು ಎಲ್ಲೇತಿ?" ಅಂದಳು. ನಮಗೆ ಮಕ್ಕಳಾಗಲಿಲ್ಲ, ಅದು ಅವಳಿಗೂ ಗೊತ್ತು. ನಾನು ಹುಟ್ಟು ಎಳೆದೆ.

ಒಂದು ಹನಿ ನೀರು ಒಳಗೆ ಬರಲಿಲ್ಲ. ದೋಣಿ ನೆಟ್ಟಗೆ ಹೋಯಿತು, ನಿಲ್ಲು ಅಂದಲ್ಲಿ ನಿಂತಿತು. ಮೂರು ದಿನ ಬರಿಗೈಯಲ್ಲಿ ಸುತ್ತು ಹಾಕಿದೆ. ಹುಣಸೆಮರ ಪಂಪ್‌ಹೌಸಿಗೆ ನೇರ ಬಂದಾಗ ಬಾಯಿಯಿಂದ ತಾನಾಗಿ "ಬಿಡ್ರಿ" ಬಂತು. ಕೈ ನಿಂತುಬಿಟ್ಟಿತು. ಹರಿಗೋಲಿನಲ್ಲಿ ಅವರು ಬೆನ್ನ ಹಿಂದೆ ಇರುತ್ತಿದ್ದರು, ನನಗೆ ಸಿಗುತ್ತಿದ್ದದ್ದು ಅವರ ದನಿ ಮಾತ್ರ. ಇಲ್ಲಿ ನನ್ನ ಕಣ್ಣೆದುರಿಗೇ ಹಿಂಬದಿಯ ಹಲಗೆ ಖಾಲಿ ಇತ್ತು. ಗಾಳಿ ದೋಣಿಯನ್ನು ಹತ್ತು ಮಾರು ಆಚೆ ಒಯ್ಯುವ ತನಕ ನಾನು ಹಾಗೇ ಕೂತಿದ್ದೆ.

ನಾಲ್ಕನೆಯ ದಿನ ಮುಂಜಾನೆ ಗಣಪತಿ ಕೂಡಿಸುವ ಗಡಿಬಿಡಿಯಲ್ಲಿ ಊರೆಲ್ಲ ಇತ್ತು. ನಾನು ಕೆರೆಗೆ ಹೋದೆ. ಹಗ್ಗ ಕಟ್ಟಿದ ಗೂಟ ಇತ್ತು, ಹಗ್ಗ ಇತ್ತು, ನೀರಿನ ಮೇಲೆ ಒಂದು ಗಿಳಿಯ ತಲೆ ಮಾತ್ರ ಕಾಣುತ್ತಿತ್ತು. ಎಳೆದು ನೋಡಿದರೆ ಬಲಬದಿಯ ಬುಡದ ಹಲಗೆ ಬಾಗುಮರದಿಂದ ಕಿತ್ತು ಎರಡು ಬೆರಳು ಹೊರಗೆ ಬಂದಿತ್ತು. ಮೊಳೆಗಳ ತಲೆ ಹಲಗೆಯೊಳಗೆ ಹೂತುಹೋಗಿದ್ದವು. ನಮ್ಮ ಅರಗು ಮಾತ್ರ ಒಂದು ಚೂರೂ ಅಲುಗದೆ ಇದ್ದಲ್ಲೇ ಇತ್ತು.

ಮೈದುನ ಸುದ್ದಿ ಕೇಳಿ ಬಂದ. ನಗಲಿಲ್ಲ, ಅದು ಅವನ ದೊಡ್ಡತನ. "ಹೋಗ್ಲಿ ಬಿಡ್ರಿ ವೈನಿ. ತಗಡ ಬಡದು ಡಾಂಬರ ಹೊಡಸೂಣು. ಎರಡ ದಿನದ ಕೆಲಸ. ಇಲ್ಲಾ ಅಂದ್ರ..." ಅಂತ ನಿಲ್ಲಿಸಿದ. ಇಲ್ಲಾ ಅಂದರೆ ಏನು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅಧ್ಯಕ್ಷರು ಹೇಳಿದ ಮಹಾನವಮಿ ಅಮಾವಾಸ್ಯೆಗೆ ಇಪ್ಪತ್ತಾರು ದಿನ ಉಳಿದಿದ್ದವು.

ಆಗ ಫೋನ್ ಮಾಡಿದೆ, ಆರು ತಿಂಗಳ ಹಿಂದೆ ಮಾಡಬೇಕಾದದ್ದನ್ನು. ಅಜ್ಜಿ ಎಲ್ಲ ಕೇಳಿಸಿಕೊಂಡರು.

"ಒಣಗಿದ ದೋಣಿಗೆ ಗಟ್ಟಿ ಮದ್ದು ತುಂಬಿದ್ಯಾ ಮಾರಾಯ್ತಿ? ಮರ ನೀರು ಕುಡಿದ್ರೆ ಬೀಗ್ತದೆ. ಬೀಗೋಕೆ ಜಾಗವೇ ಇಲ್ದಂಗೆ ಮಾಡಿಟ್ರೆ ಅದು ಎಲ್ಲಿಗೆ ಹೋಗ್ಬೇಕು? ಪಕ್ಕದ ಹಲಗೆಯನ್ನೇ ದೂಡ್ತದೆ."

"ಈಗ ಏನ ಮಾಡ್ಲಿ ಅಜ್ಜಿ?"

"ಎಲ್ಲ ಕೆತ್ತಿ ತೆಗಿ. ಹಲಗೆ ಕೂರ್ಸು. ಆಮೇಲೆ ಕಲ್ಲು ಹೇರಿ ನೀರಲ್ಲಿ ಮುಳುಗ್ಸು. ಹತ್ತು ದಿನ ಬಿಡು. ಸಂದು ತಾನೇ ಕೂಡ್ಕೊಳ್ತದೆ. ಮೇಲೆತ್ತಿದ್ಮೇಲೆ ಎಲ್ಲಿ ಜಿನುಗ್ತದೋ ಅಲ್ಲಿಗೆ ಮಾತ್ರ ಹತ್ತಿ ಇಡು, ಮೆತ್ತಗೆ."

ಫೋನ್ ಇಟ್ಟು ದಂಡೆಯಲ್ಲಿ ಕೂತೆ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ನನ್ನ ತವರು ನವಲಗುಂದ. ಎರೆ ಮಣ್ಣಿನ ಊರು. ಬೇಸಿಗೆಯಲ್ಲಿ ಅಲ್ಲಿಯ ನೆಲ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆ ಬಿದ್ದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ವರ್ಷ ನಮ್ಮ ಅಂಗಳದ ಬಿರುಕಿಗೆ ಹುಡುಗರ ಕಾಲು ಸಿಕ್ಕೀತು ಅಂತ ಅಪ್ಪ ಕಲ್ಲು, ಗಚ್ಚು ಹಾಕಿ ಗಟ್ಟಿ ಮಾಡಿಸಿದ. ಆ ಮಳೆಗಾಲದಲ್ಲಿ ನೆಲ ಉಬ್ಬಿ ಪಡಸಾಲೆಯ ಗೋಡೆಯನ್ನೇ ದೂಡಿತು. ಬಾಗಿಲು ಹಾಕಲಾಗದೆ ಎರಡು ತಿಂಗಳು ಚಾಪೆ ಇಳಿಬಿಟ್ಟುಕೊಂಡು ಮಲಗಿದೆವು. ಅದನ್ನು ಕಣ್ಣಾರೆ ಕಂಡವಳು ನಾನು. ಕಾಕಾ ಈ ತಪ್ಪು ಮಾಡಿದರೆ ಅವರದು ತೊಟ್ಟಿಲಿನ ಕೈ, ತೊಟ್ಟಿಲನ್ನು ಯಾರು ಕೆರೆಗೆ ಇಳಿಸುತ್ತಾರೆ. ನನಗೆ ಗೊತ್ತಾಗಬೇಕಿತ್ತು.

ತಗಡು ಬಡಿದರೆ ಎರಡು ದಿನ. ಮುಳುಗಿಸಿದರೆ, ಕೆತ್ತುವುದು ಹಿಡಿದು, ಅರ್ಧ ತಿಂಗಳು. ತಗಡಿನ ಕೆಳಗೆ ಮರ ಬೀಗುವುದಂತೂ ನಿಲ್ಲುವುದಿಲ್ಲ, ಪರೀಕ್ಷೆಯ ದಿನ ಕೆರೆಯ ನಡುವೆ ಇನ್ನೊಂದು ಹಲಗೆ ಏಳಬಹುದು. ಮುಳುಗಿಸಿ ಹದಗೊಳ್ಳದಿದ್ದರೆ ಮತ್ತೊಂದು ದಾರಿಗೆ ದಿನ ಉಳಿಯುವುದಿಲ್ಲ. ಎರಡರಲ್ಲಿ ಯಾವುದನ್ನಾದರೂ ಜೊತೆಗೆ ಕೂತು ಮಾತಾಡಿ ತೀರ್ಮಾನಿಸಲು ಒಬ್ಬರಿದ್ದರೆ ಅಂತ ಅನಿಸಿತು. ಇರಲಿಲ್ಲ. ಮುಳುಗಿಸುವುದು ಅಂತ ಒಬ್ಬಳೇ ತೀರ್ಮಾನ ಮಾಡಿದೆ.

ಕಾಕಾ ಬಳಿ ಹೋಗಿ ಅಜ್ಜಿ ಅಂದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಉಳಿಯನ್ನು ತಿರುವಿ ತಿರುವಿ ನೋಡಿದರು.

"ಐವತ್ತು ವರ್ಷ ಮರದ ಕೂಡ ಅದೇನಿ," ಅಂದರು. "ಮರಕ್ಕ ನೀರಡಿಕಿ ಆಗತೇತಿ ಅನ್ನೂದು ಮರತ ಬಿಟ್ಟಿದ್ನಿ ನೋಡವಾ."

ಮರುದಿನ ಅವರೇ ಉಳಿ ಹಿಡಿದು ಕೆರೆ ದಂಡೆಗೆ ಬಂದರು. ಐದು ದಿನ ಕೆತ್ತಿದೆವು. ಅರಗು ಚೂರು ಚೂರಾಗಿ ಹಾರಿ ಕಣ್ಣಿಗೆ ಬೀಳುತ್ತಿತ್ತು. ಎದ್ದ ಹಲಗೆಯನ್ನು ಮತ್ತೆ ಕೂಡಿಸುವಾಗ ಹೊಸ ಮೊಳೆ ಬೇಡ, ಕಬ್ಬಿಣ ತುಕ್ಕು ಹಿಡಿದು ಮರ ತಿನ್ನುತ್ತದೆ ಅಂದರು ಕಾಕಾ. ಜಾಲಿ ಮರದ ಗೂಟ ಕೆತ್ತಿ, ಒಲೆಯ ಮೇಲೆ ಒಣಗಿಸಿ ತಂದಿದ್ದರು. ತೊಟ್ಟಿಲಿನ ಕಾಲು ಕೂಡಿಸುವ ಗೂಟ. ತೂತು ಕೊರೆದು ಅವನ್ನು ಬಡಿದರು. "ಇವೂ ಬೀಗಲಿ," ಅಂದರು. "ಬೀಗಿದಷ್ಟು ಹಿಡೀತಾವು." ಅದು ಅಜ್ಜಿಗೂ ಹೊಳೆಯದ ಮಾತು.

ಐದನೆಯ ದಿನ ಸಂಜೆ ಊರಿನ ಗಣಪತಿಗಳೆಲ್ಲ ಕೆರೆಗೆ ಬಂದವು. ಜನ ಡೊಳ್ಳು ಬಾರಿಸುತ್ತ ಗಣಪತಿ ಮುಳುಗಿಸುತ್ತಿದ್ದರು, ಇನ್ನೊಂದು ತುದಿಯಲ್ಲಿ ನಾನು ದೋಣಿಗೆ ಕಲ್ಲು ಹೇರುತ್ತಿದ್ದೆ. ನೀರು ಸಂದಿ ಸಂದಿಯಿಂದ ಒಳಗೆ ಬಂತು. ಗಿಳಿಗಳು ಕೊನೆಗೆ ಹೋದವು. ಯಾರೋ, "ತನ್ನ ದೋಣಿ ತಾನ ಮುಳಗಸಾಕ ಹತ್ಯಾಳ, ತಲಿ ಸರಿ ಇಲ್ಲ," ಅಂದದ್ದು ಕೇಳಿಸಿತು.

ಆ ಹತ್ತು ದಿನ ನನಗೆ ಮಾಡಲು ಏನೂ ಇರಲಿಲ್ಲ. ಹರಿದ ಬಲೆ ಕಟ್ಟಿದೆ, ಕಟ್ಟಿದ್ದನ್ನು ಮತ್ತೆ ನೋಡಿದೆ. ದಿನಾ ಮುಂಜಾನೆ ಎದ್ದು ಕೆರೆಗೆ ಹೋಗಿ ಗೂಟದ ಹಗ್ಗ ಎಳೆದು, ಇದೆ ಅಂತ ನೋಡಿ ಬರುವುದು. ನೀರಿನ ಕೆಳಗೆ ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ. ಅವರು ತೀರಿಕೊಂಡದ್ದು ಕಲಘಟಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ, ಎದೆ ಹಿಡಿದುಕೊಂಡು. ನಾನು ಹತ್ತಿರ ಇರಲಿಲ್ಲ. ಅದಾದ ಮೇಲೆ ಎರಡು ವರ್ಷ ಜನ ಬಂದರು, ಹೋದರು, ಉಪಚಾರ ಹೇಳಿದರು, ನಾನೂ ಕೂತು ಕೇಳಿದೆ. ನಾನು ಒಬ್ಬಳೇ ಆಗಿದ್ದೇನೆ ಅನ್ನುವುದು ಸರಿಯಾಗಿ ತಿಳಿದದ್ದು ಮಾತ್ರ ಈ ಹತ್ತು ದಿನದಲ್ಲಿ. ಸಂಜೆ ಮನೆಗೆ ಬಂದರೆ ಇವತ್ತು ಹಗ್ಗ ಬಿಗಿಯಾಗಿತ್ತು, ಸಡಿಲ ಇತ್ತು ಅಂತ ಹೇಳಲು ಕೂಡ ಯಾರೂ ಇರಲಿಲ್ಲ. ರೊಟ್ಟಿ ಬಡಿಯುವಾಗ ಗೋಡೆಗೆ ಹೇಳಿದೆ. ಆಮೇಲೆ ನಾಚಿಕೆಯಾಯಿತು.

ಹನ್ನೊಂದನೆಯ ದಿನ ಕಲ್ಲು ತೆಗೆದು, ಕಾಕಾ ಮತ್ತು ನಾನು ಹಗ್ಗ ಹಾಕಿ ಎಳೆದೆವು. ನೀರು ಎರಚಿ ಖಾಲಿ ಮಾಡಿ ಒಳಗೆ ಕೂತು ನೋಡಿದೆ. ಬೆರಳು ಹೋಗುತ್ತಿದ್ದ ಸಂದಿಗಳಲ್ಲಿ ಉಗುರು ಕೂಡ ಹೋಗಲಿಲ್ಲ. ಜಾಲಿಯ ಗೂಟಗಳು ಹಲಗೆಯೊಂದಿಗೆ ಒಂದಾಗಿದ್ದವು. ಮೂರು ಕಡೆ ಮಾತ್ರ ಬೆವರಿನ ಹಾಗೆ ನೀರು ಜಿನುಗುತ್ತಿತ್ತು. ಗಿಳಿಗಳ ಬಣ್ಣ ಅರ್ಧ ಎದ್ದುಹೋಗಿತ್ತು. ಮತ್ತೆ ಬರೆಯುವುದು ಬೇಡ ಅಂದೆ. ಕಾಕಾ ಮುಖ ಸಣ್ಣದು ಮಾಡಿಕೊಂಡರು, ಆದರೆ ಒಪ್ಪಿದರು.

ಆ ಮೂರು ಜಾಗಕ್ಕೆ ಹತ್ತಿ ಬೇಕಿತ್ತು. ಕೊಳ್ಳಲು ಹುಬ್ಬಳ್ಳಿಗೆ ಹೋದರೆ ಒಂದು ದಿನ ಹೋಗುತ್ತದೆ. ಮನೆಯಲ್ಲಿ ನನ್ನ ಮದುವೆಗೆ ನವಲಗುಂದದಿಂದ ಕೊಟ್ಟ ಗಾದಿ ಇತ್ತು, ಎರಡು ದಿಂಬು ಇದ್ದವು. ದಿಂಬು ಎರಡು, ತಲೆ ಒಂದೇ. ಅವರ ದಿಂಬಿನ ಹೊಲಿಗೆ ಬಿಚ್ಚಿದೆ. ಹತ್ತಿಯನ್ನು ಬಿಡಿಸಿ, ತೊಡೆಯ ಮೇಲೆ ಹೊಸೆದು, ಕಿರುಬೆರಳಿನ ದಪ್ಪದ ಎಳೆ ಮಾಡಿದೆ. ಕುಸುಬೆ ಎಣ್ಣೆ ಕಾಯಿಸಿ ರಾಳದ ಪುಡಿ ಹಾಕಿ ಜೇನಿನ ಹದಕ್ಕೆ ತಂದು, ಅದರಲ್ಲಿ ಎಳೆಯನ್ನು ಅದ್ದಿ, ಒರೆಸಿ ಅರ್ಧ ದಿನ ಆರಲು ಬಿಟ್ಟ ಸಂದಿಗೆ ಒತ್ತಿದೆ. ಬಡಿಯಲಿಲ್ಲ. ಹೆಬ್ಬೆರಳಿಂದ ಒತ್ತಿದ್ದು ಅಷ್ಟೆ. ಎಣ್ಣೆಯ ವಾಸನೆಗೆ ದಿಂಬಿನ ವಾಸನೆ ಹೋಗಿಬಿಟ್ಟಿತು.

ಪರೀಕ್ಷೆಗೆ ಒಂಬತ್ತು ದಿನ ಇದ್ದಾಗ ಬಲೆ ಹೇರಿಕೊಂಡು ಕಲಿಯತೊಡಗಿದೆ. ಬಿಡುವಾಗ ಗಾಳಿಯ ಜೊತೆ ಹೋಗಬೇಕು, ಬಲೆ ಹಿಂದಿನಿಂದ ತಾನೇ ಜಾರುತ್ತದೆ. ಎತ್ತುವಾಗ ಗಾಳಿಗೆ ಎದುರಾಗಿ ಮೂತಿಯಲ್ಲಿ ಮಂಡಿಯೂರಿ ಬಲೆಯನ್ನೇ ಹಿಡಿದು ದೋಣಿಯನ್ನು ಎಳೆದುಕೊಳ್ಳಬೇಕು. ಎತ್ತುವುದು ಎರಡೇ ದಿನಕ್ಕೆ ಬಂತು, ಉರುಳೆ ಭಾರ ಹೊರುತ್ತಿತ್ತು. ಬರದೇ ಇದ್ದದ್ದು ಬಿಡುವುದು. ಹುಣಸೆಮರ ನೇರ ಬಂದ ಕೂಡಲೇ ಬಾಯಿ "ಬಿಡ್ರಿ" ಅನ್ನುತ್ತಿತ್ತು. ಕಾಲು ಗೂಟ ಒದೆಯುತ್ತಿತ್ತು, ಕಲ್ಲು ಬೀಳುತ್ತಿತ್ತು, ಅದನ್ನು ಕಣ್ಣು ನೋಡುತ್ತಲೂ ಇತ್ತು. ಆದರೂ ಕೈ ಹುಟ್ಟು ಎಳೆಯುತ್ತಿರಲಿಲ್ಲ. ಅದು ಒಂದು ಮಾತಿಗಾಗಿ ಕಾಯುತ್ತಿತ್ತು. ಅಷ್ಟರಲ್ಲಿ ದೋಣಿ ಗಾಳಿಗೆ ಅಡ್ಡ ತಿರುಗಿ, ಬಲೆ ಹುಟ್ಟಿಗೆ ಸುತ್ತಿಕೊಳ್ಳುತ್ತಿತ್ತು. ನಾಲ್ಕು ದಿನದಲ್ಲಿ ಐದು ಸಲ ಹೀಗಾಯಿತು. ಕೊನೆಗೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಬಾಯಿ ಕಟ್ಟಿದರೆ ಕೈ ಕಾಯುವುದಿಲ್ಲ ಅಂತ ಗೊತ್ತಾಯಿತು. ಮರ ನೋಡುವುದನ್ನು ಬಿಟ್ಟು ಹುಟ್ಟಿನ ಎಣಿಕೆ ಇಟ್ಟುಕೊಂಡೆ.

ಅಮಾವಾಸ್ಯೆಯ ಮುಂಜಾನೆ ದಂಡೆಯ ಮೇಲೆ ಸಂಘದ ಹದಿನೈದಿಪ್ಪತ್ತು ಜನ ಇದ್ದರು. ಅಧ್ಯಕ್ಷರು ಕೊಡೆ ಹಿಡಿದು ಕಲ್ಲಿನ ಮೇಲೆ ಕೂತಿದ್ದರು, ಪುಸ್ತಕ ತೊಡೆಯ ಮೇಲಿತ್ತು. ಮೈದುನ ಬಂದಿದ್ದ. ಕಾಕಾ ಎಲ್ಲರಿಂದ ದೂರ, ನೀರಿನ ಹತ್ತಿರ ಕೂತಿದ್ದರು. ಸೆರಗು ಕಚ್ಚಿಕೊಂಡು ಹೊರಟೆ. ಎಣಿಸಿದೆ, ಒದ್ದೆ, ಕಲ್ಲು ಬಿತ್ತು, ಎಳೆದೆ. ಬಲೆ ಹಾವಿನಂತೆ ಜಾರಿ ಹೋಯಿತು. ಎರಡು ತಾಸು ಬಿಟ್ಟು ಎತ್ತಲು ಹೋದಾಗ ಗಾಳಿ ಏರಿತ್ತು. ಅರ್ಧಕ್ಕೆ ಬಂದಾಗ ಅಲೆ ಬುಡಕ್ಕೆ ಬಡಿದು ದೋಣಿ ಪಕ್ಕಕ್ಕೆ ವಾಲಿತು. ಮಂಡಿಯ ಕೆಳಗೆ ಬುಡದ ಹಲಗೆಯನ್ನು ಮುಟ್ಟಿ ನೋಡಿದೆ. ಒಣಗಿತ್ತು. ಅಲ್ಲಿಂದ ಆಚೆಗೆ ನನಗೆ ಹೆದರಿಕೆ ಆಗಲಿಲ್ಲ. ಏಳು ಕಾಟ್ಲಾ, ಮೂರು ರೋಹು ತಂದು ಅಧ್ಯಕ್ಷರ ಕಾಲ ಹತ್ತಿರ ಸುರಿದೆ.

"ಆತು ತಂಗಿ," ಅಂದರು. "ನೀವಿಬ್ಬರೂ ಇದ್ದಾಗ ನಿಮ್ಮ ಮಾತು ದಂಡಿ ಮಟಾ ಕೇಳತಿತ್ತು. ಇವತ್ತ ಕೆರಿ ಅಗದಿ ಸುಮ್ಮನಿತ್ತು."

ಪುಸ್ತಕ ತೆರೆದರು. ನಮ್ಮ ಸಾಲಿನ ಮೇಲೆ ಪೆನ್ನು ಹಿಡಿದು ತಲೆ ಎತ್ತಿದರು. "ಒಬ್ಬಾಕಿ ಹೆಸರಿಲೆ ಪಾಳಿ ಬರೀಬೇಕಾದ್ರ ಬಾಜೂ ಹೆಸರು ಹೊಡೀಬೇಕಾಗತೇತಿ. ಹೊಡೀಲೇನ?"

ಇದು ನನಗೆ ಹೊಳೆದೇ ಇರಲಿಲ್ಲ. ದೋಣಿ ಹುಡುಕಿದೆ, ಮುಳುಗಿಸಿದೆ, ಎತ್ತಿದೆ. ಇದೆಲ್ಲ ಆ ಸಾಲನ್ನು ಉಳಿಸಿಕೊಳ್ಳಲು ಅಂದುಕೊಂಡಿದ್ದೆ. ಉಳಿಸಿಕೊಂಡದ್ದು ಅರ್ಧ ಸಾಲು. ಅವರ ಹೆಸರು ಇದ್ದದ್ದು ಊರಿನಲ್ಲಿ ಆ ಒಂದು ಪುಸ್ತಕದಲ್ಲಿ ಮಾತ್ರ. ರೇಷನ್ ಕಾರ್ಡಿನಿಂದ ಯಾವಾಗಲೋ ತೆಗೆದಿದ್ದರು. ಮೈದುನ ನೆಲ ನೋಡುತ್ತ ನಿಂತಿದ್ದ, ಅವನಿಗೆ ಅಣ್ಣ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಹೊಡೀರಿ," ಅಂದೆ.

ಅಧ್ಯಕ್ಷರು ಒಂದೇ ಗೆರೆ ಎಳೆದರು. ಸಾವಕಾಶ ಎಳೆದರು, ಅದಕ್ಕೆ ನಾನು ಅವರಿಗೆ ಋಣಿ.

ಮರುದಿನ ಸಂಜೆ ನನ್ನ ಪಾಳಿಯ ಮೊದಲ ಬಲೆ. ದಂಡೆಯ ಮೇಲೆ ಯಾರೂ ಇರಲಿಲ್ಲ. ಗಾಳಿ ತೆಳ್ಳಗಿತ್ತು. ಸೆರಗನ್ನು ಹಲ್ಲಿಗೆ ತಂದವಳು ಮತ್ತೆ ಕೆಳಗೆ ಬಿಟ್ಟು ಸೊಂಟಕ್ಕೆ ಸಿಕ್ಕಿಸಿದೆ. ಹುಟ್ಟು ಎಣಿಸಲಿಲ್ಲ. ಮೊದಲಿನಂತೆ ಮರವನ್ನೇ ನೋಡುತ್ತ ಹೋದೆ. ಹುಣಸೆಮರ ಪಂಪ್‌ಹೌಸಿನ ಗೋಡೆಗೆ ನೇರ ಬಂತು.

"ಬಿಡ್ರಿ," ಅಂದೆ.

ಕಾಲು ಗೂಟ ಒದೆಯಿತು. ಕಲ್ಲು ಬಿತ್ತು. ಕೈ ನಿಂತಿತು. ಹಿಂಬದಿಯ ಖಾಲಿ ಹಲಗೆಯನ್ನು ನೋಡಿದೆ. ಬಲೆ ಅದರ ಮೇಲಿಂದ ಒಂದೊಂದೇ ಸುತ್ತು ಜಾರುತ್ತಿತ್ತು.

"ಬಿಟ್ಟೇನಿ," ಅಂದೆ, ನಾನೇ. ಹುಟ್ಟು ಎಳೆದೆ.